ರೂಪ ನೋಡಿ ವಂಶ ಹೇಳಬಹುದೆ?

ಜೇಮ್ಸ್ ಚಾಟರ್ಸ್ ಅವರ ‘ಏನ್ಷೆಂಟ್ ಎನ್‌ಕೌಂಟರ್ಸ್’ (2001) ಗ್ರಂಥವನ್ನು ಓದಿ ಮುಗಿಸಿದಾಗ ನನ್ನಲ್ಲಿ ಮೆಚ್ಚಿಕೆಯೂ ಅತೃಪ್ತಿಯೂ ಜೊತೆಯಾಗಿ ಉಳಿದವು. 1996ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಊರಿನಲ್ಲಿ, ಕೊಲಂಬಿಯಾ ನದಿಯ ದಡದಲ್ಲಿ ದೊರೆತ ಅಸ್ಥಿಪಂಜರವೇ ಇದರ ವಸ್ತು. ಅದನ್ನು ಮೊದಲು ಪರೀಕ್ಷಿಸಿದವರು ಗ್ರಂಥಕರ್ತರೇ.

ಸೊಂಟದ ಎಲುಬಿನಲ್ಲಿ ನೆಟ್ಟ ಕಲ್ಲಿನ ಮೊನೆ, ಅದನ್ನು ಒಳಗಿಟ್ಟುಕೊಂಡೇ ಮಾಯ್ದ ಗಾಯ: ಈ ಪುಟಗಳಲ್ಲಿ ಸುಮಾರು 8,500 ವರ್ಷಗಳ ಹಿಂದಿನ ಮನುಷ್ಯನೊಬ್ಬ ಎದ್ದು ಬರುತ್ತಾನೆ. ಆದರೆ ತಲೆಬುರುಡೆ ಇಂದಿನ ಮೂಲನಿವಾಸಿಗಳದನ್ನು ಹೋಲದೆಂದು, ಮೊದಲು ನೆಲಸಿದವರು ಬೇರೆ ಜನರೇ ಇದ್ದಿರಬೇಕೆಂಬತ್ತ ವಾದ ವಾಲುತ್ತದೆ. ರೂಪಸಾಮ್ಯ ನೋಡಿ ಪದದ ಮೂಲ ಹೇಳಬೇಡಿರೆಂದು ತರಗತಿಯಲ್ಲಿ ಎಚ್ಚರಿಸುವ ನನಗೆ ಇದು ಪರಿಚಿತ ದೋಷ.

ಯುಮಟಿಲ್ಲಾ ಜನ ಅವನು ತಮ್ಮ ಹಿರಿಯನೆಂದು, ಮಣ್ಣು ಮಾಡಲು ಬಿಡಿರೆಂದು ಮೊದಲಿನಿಂದಲೂ ಕೇಳಿದ್ದರು. ಕೆಲವು ವಿಜ್ಞಾನಿಗಳು ನ್ಯಾಯಾಲಯಕ್ಕೆ ಹೋಗಿ ತಡೆದರು. 2015ರ ಡಿಎನ್‌ಎ ಪರೀಕ್ಷೆಯಲ್ಲಿ ಅವನು ಅಮೆರಿಕದ ಮೂಲನಿವಾಸಿಗಳಿಗೇ ಹತ್ತಿರದವನೆಂದು ತಿಳಿಯಿತು. 2017ರಲ್ಲಿ ಆ ಜನ ಅವನನ್ನು ಮಣ್ಣಿಗೊಪ್ಪಿಸಿದರು. ತಡೆದದ್ದರಿಂದಲೇ ಪರೀಕ್ಷೆ ಸಾಧ್ಯವಾಯಿತೆಂಬುದೂ ನಿಜ.

ಗ್ರಂಥವನ್ನು ಅವಶ್ಯ ಓದಬೇಕು. ಗಾಯದ ಪುಟಗಳನ್ನು ನಂಬಿ, ಮುಖದ ಪುಟಗಳನ್ನು ಅನುಮಾನಿಸಿ.