ಗೋರಿ ಬಗೆದವರು, ಪದ ಬರೆದುಕೊಂಡವರು

ಜೇವರ್ಗಿ ಸೀಮೆಯ ಎರೆಹೊಲಗಳ ಅಂಚಿನಲ್ಲಿ ದುಂಡಗೆ ಜೋಡಿಸಿದ ದಪ್ಪ ಕಲ್ಲುಗಳು ಹಿಂದೆ ಬೇಕಾದಷ್ಟಿದ್ದವು. ರೈತರಿಗೆ ಅವು ಕುಂಟೆ ಹೊಡೆಯುವಾಗಿನ ಕಾಟ. 19ನೇ ಶತಮಾನದ ನಡುಭಾಗದಲ್ಲಿ ಒಬ್ಬ ಸಾಹೇಬ ಆಳು ಹಚ್ಚಿ ಅವುಗಳಲ್ಲಿ ಕೆಲವನ್ನು ಅಗೆಸಿದ. ಒಳಗೆ ಕಲ್ಲುಚಪ್ಪಡಿಯ ಪೆಟ್ಟಿಗೆ, ಮಡಕೆ, ಬೂದಿ, ತುಕ್ಕು ಹಿಡಿದ ಕಬ್ಬಿಣ, ಮನುಷ್ಯರ ಎಲುಬು ಸಿಕ್ಕವು. ಕೆಲವು ಕಡೆ ರುಂಡ ಒಂದು ದಿಕ್ಕಿಗೆ, ಮುಂಡ ಒಂದು ದಿಕ್ಕಿಗೆ. ಆತ ಕಂಡದ್ದನ್ನೆಲ್ಲ ಬರೆದು, ಚಿತ್ರ ಬಿಡಿಸಿ, ರಾಯಲ್ ಏಷಿಯಾಟಿಕ್ ಸೊಸೈಟಿಯ ಮುಂಬಯಿ ಶಾಖೆಯ ಪತ್ರಿಕೆಗೆ ಕಳಿಸಿದ. ಭೀಮೆಯ ದಡದ ಫಿರೋಜಾಬಾದಿನ ಹತ್ತಿರದ ಹಳ್ಳಿ ಎಂದು ಗುರುತು ಹೇಳಿ, ಜೇವರ್ಗಿಯನ್ನು ಅಲ್ಲಿ 'ಜಿವಾರ್ಜಿ' ಎಂದು ಬರೆದಿದ್ದಾನೆ.

ಆತನ ಹೆಸರು ಫಿಲಿಪ್ ಮೆಡೋಸ್ ಟೇಲರ್. 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವನು. ಹದಿನೈದು ವರ್ಷದ ಹುಡುಗನಾಗಿ ಮುಂಬಯಿಯ ವ್ಯಾಪಾರಿಯೊಬ್ಬನ ಕೈಕೆಳಗೆ ದುಡಿಯಲು ಬಂದ. ಆ ವ್ಯಾಪಾರ ನೆಲಕಚ್ಚಿತ್ತು. ಹುಡುಗ ನಿಜಾಮರ ಸೈನ್ಯ ಸೇರಿದ. ಇದನ್ನು ನೆನಪಿಡಬೇಕು. ಟೇಲರ್ ಕಂಪನಿ ಸರಕಾರದ ಖಾಸಾ ನೌಕರನಾಗಿ ಬಂದವನಲ್ಲ, ನಿಜಾಮರ ಉಪ್ಪು ತಿಂದವನು. ಮದುವೆಯಾದದ್ದು ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನ ಮಗಳನ್ನು. ಪಾಮರ್‌ನ ತಾಯಿ ಈ ದೇಶದ ಬೇಗಂ. 1841ರಿಂದ 1853ರವರೆಗೆ ಸುರಪುರದಲ್ಲಿದ್ದು ಬೇಡ ನಾಯಕರ ಸಂಸ್ಥಾನದ ಮೇಲ್ವಿಚಾರಣೆ ನೋಡಿಕೊಂಡ. ಗುಡ್ಡದ ಮೇಲಿನ ಅವನ ಬಂಗಲೆ ಇಂದಿಗೂ 'ಟೇಲರ್ ಮಂಜಿಲ್'. ನಮ್ಮ ಭಾಗದಲ್ಲಿ ಅವನ ಬಗ್ಗೆ ಬಂದ ಬರಹಗಳೆಲ್ಲ ಈ ಮಂಜಿಲ್‌ನ ಮೆಟ್ಟಿಲಲ್ಲೇ ನಿಂತುಬಿಡುತ್ತವೆ: ಒಳ್ಳೆಯ ಸಾಹೇಬ, ಕೆರೆ ಕಟ್ಟಿಸಿದ ಸಾಹೇಬ, ಕಾದಂಬರಿ ಬರೆದ ಸಾಹೇಬ. ಇಲ್ಲವೇ ಇನ್ನೊಂದು ತುದಿಗೆ ಹೋಗಿ, ಬಿಳಿಯ, ಆಳಲು ಬಂದವ, ಅವನ ಬರಹವೂ ಆಳ್ವಿಕೆಯ ಹತಾರವೇ ಎಂದು ಷರಾ ಬರೆದು ಕೈತೊಳೆದುಕೊಳ್ಳುತ್ತವೆ. ಎರಡರಿಂದಲೂ ಅವನ ಪುಸ್ತಕ ಓದುವ ಶ್ರಮ ಉಳಿಯುತ್ತದೆ.

ಮೊದಲು ಗೋರಿಗಳನ್ನೇ ನೋಡೋಣ. ಜೇವರ್ಗಿ, ಹಗರಟಗಿ, ರಾಜನಕೋಳೂರುಗಳಲ್ಲಿ ಕಂಡ ಕಲ್ಲುಗುಪ್ಪೆ, ಕಲ್ಮನೆಗಳನ್ನು ಟೇಲರ್ 'ಸಿಥಿಯನ್-ಡ್ರೂಯಿಡ್' ಅವಶೇಷಗಳೆಂದು ಕರೆದ. ಐರ್ಲೆಂಡ್, ಇಂಗ್ಲೆಂಡಿನಲ್ಲಿ ಇಂಥವೇ ಕಲ್ಲಿನ ಗೋರಿಗಳಿವೆ. ಹಾಗಾದರೆ ಇವನ್ನು ಕಟ್ಟಿದವರೂ ಮಧ್ಯ ಏಷ್ಯದಿಂದ ಎರಡೂ ದಿಕ್ಕಿಗೆ ಚದುರಿದ ಒಂದೇ ಕುಲದವರಿರಬೇಕು ಎಂಬುದು ಅವನ ತರ್ಕ. ಬೇರೆಬೇರೆಯಾಗಿ ಬಿದ್ದಿದ್ದ ರುಂಡಮುಂಡ ಕಂಡು ನರಬಲಿ ಎಂದ. ಇವತ್ತು ಈ ಕುಲದ ಕಥೆಯನ್ನು ಯಾವ ಪುರಾತತ್ವಜ್ಞನೂ ಒಪ್ಪುವುದಿಲ್ಲ. ಇವು ದಕ್ಷಿಣ ಭಾರತದ ಕಬ್ಬಿಣ ಯುಗದ ಗೋರಿಗಳು, ಬಹುಪಾಲು ಕ್ರಿಸ್ತಪೂರ್ವದ ಒಂದು ಸಾವಿರ ವರ್ಷದೊಳಗಿನವು. ಆದರೆ ಟೇಲರ್ ಇನ್ನೂ ಒಂದು ಕೆಲಸ ಮಾಡಿದ್ದ. ಗೋರಿಯನ್ನು ಮೇಲಿನಿಂದ ಕೆಳಗಿನವರೆಗೆ ಸೀಳಿದಂತೆ ತೋರಿಸಿ, ಯಾವ ಮಣ್ಣಿನ ಪದರಿನ ಕೆಳಗೆ ಯಾವ ಮಣ್ಣು, ಎಲುಬು ಎಷ್ಟು ಆಳದಲ್ಲಿ, ಮಡಕೆ ಯಾವ ಮೂಲೆಗೆ ಎಂಬುದನ್ನು ಚಿತ್ರವಾಗಿ ಬಿಡಿಸಿದ. ಆ ಕಾಲದಲ್ಲಿ ಯುರೋಪಿನಲ್ಲೂ ಗೋರಿ ಅಗೆಯುವುದೆಂದರೆ ಚೆಂದದ ಮಡಕೆ ಆರಿಸಿಕೊಂಡು ಉಳಿದದ್ದನ್ನು ಚೆಲ್ಲುವುದು. ನೂರು ವರ್ಷದ ಮೇಲೆ, 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್, ಯಾರನ್ನೂ ಸುಲಭಕ್ಕೆ ಹೊಗಳದ ಮನುಷ್ಯ, ಟೇಲರನ ಈ ಚಿತ್ರಗಳನ್ನು ಮೆಚ್ಚಿ ಬರೆದ. ತೀರ್ಮಾನ ಬಿದ್ದುಹೋಯಿತು, ಚಿತ್ರ ಉಳಿಯಿತು. ಆ ಚಿತ್ರ ಇಟ್ಟುಕೊಂಡೇ ಅವನ ತೀರ್ಮಾನವನ್ನು ತಳ್ಳಿಹಾಕಬಹುದು.

ಊರಿನವರು ಈ ಕಲ್ಮನೆಗಳಿಗೆ ಮೋರೇರ ಮನೆ ಎನ್ನುತ್ತಾರೆ, ಹಿಂದೆ ಗಿಡ್ಡ ಜನ ಇದರೊಳಗೆ ಇದ್ದರಂತೆ ಎಂಬ ಮಾತನ್ನೂ ಟೇಲರ್ ದಾಖಲಿಸಿದ. ತಾನು ನಂಬದ ಮಾತನ್ನೂ ಬರೆದಿಟ್ಟ ಎಂಬುದು ಸಣ್ಣದಲ್ಲ.

ಈ ಇಡೀ ಪರಂಪರೆಯನ್ನು, ಅಂದರೆ ವಿಕ್ಟೋರಿಯಾ ರಾಣಿಯ ಕಾಲದಲ್ಲಿ ನಮ್ಮ ನೆಲಕ್ಕೆ ಬಂದು ಸುತ್ತಾಡಿ, ಬರೆದು, ಅನುವಾದಿಸಿದ ಅಧಿಕಾರಿ-ಪಂಡಿತರನ್ನು, ಅಳೆಯುವುದಕ್ಕೆ ನನ್ನ ಹತ್ತಿರ ಇರುವುದು ಒಂದೇ ಕೋಲು. ಅವರು ಸರಿ ಹೇಳಿದರೋ ತಪ್ಪು ಹೇಳಿದರೋ ಅದು ಆಮೇಲೆ. ತಮ್ಮ ಮಾತಿನ ಪಕ್ಕದಲ್ಲಿ ಮೂಲವನ್ನು ಇಟ್ಟರೋ, ಅಥವಾ ನುಂಗಿ ನೀರು ಕುಡಿದರೋ?

ಅಂದಿನ ಅನುವಾದಕರಲ್ಲಿ ಎಲ್ಲರಿಗಿಂತ ಹೆಸರಾದವನು ರಿಚರ್ಡ್ ಬರ್ಟನ್. 1842ರಲ್ಲಿ ಮುಂಬಯಿ ಸೈನ್ಯಕ್ಕೆ ಬಂದವನು, ಸಿಂಧದಲ್ಲಿ ನೌಕರಿ ಮಾಡಿದವನು, 1853ರಲ್ಲಿ ವೇಷ ಮರೆಸಿಕೊಂಡು ಮಕ್ಕಾ ಕಂಡವನು, ಅರೇಬಿಯನ್ ನೈಟ್ಸನ್ನು ಹತ್ತು ಸಂಪುಟಗಳಲ್ಲಿ ಇಂಗ್ಲಿಷಿಗೆ ತಂದವನು. ಅವನ ಹೆಸರಿನಲ್ಲಿ ಲೋಕವೆಲ್ಲ ಓದುವ 1883ರ ಕಾಮಸೂತ್ರದ ಸಂಸ್ಕೃತವನ್ನು ಬಿಡಿಸಿ ಹೇಳಿದವರು ಭಗವಾನ್‌ಲಾಲ್ ಇಂದ್ರಜಿ ಮತ್ತು ಶಿವರಾಂ ಪರಶುರಾಮ ಭಿಡೆ. ನಡುವೆ ನಿಂತು ಕೆಲಸ ಮಾಡಿಸಿದವನು ಆರ್ಬತ್‌ನಾಟ್. ಬರ್ಟನ್ ಕೈಯಾಡಿಸಿದ್ದು ಇಂಗ್ಲಿಷಿನ ಮೇಲೆ. ಪುಸ್ತಕದ ಅಂಗಡಿಯಲ್ಲಿ ಉಳಿದ ಹೆಸರು ಯಾವುದು ಎಂದು ಹೇಳಬೇಕಿಲ್ಲ. ಇದು ನುಂಗುವ ಬಗೆ.

ಟೇಲರನಲ್ಲಿ ಎರಡೂ ಬಗೆ ಇವೆ; ಅವನು ಓದಿಸಿಕೊಳ್ಳುವುದೂ ಅದಕ್ಕೇ. ಗೋರಿಯ ಮುಂದೆ ಕೂತಾಗ ಮೂಲ ಇಟ್ಟವನು, ಕಾದಂಬರಿಗೆ ಕೂತಾಗ ನುಂಗಿದ. 1839ರ 'ಕನ್ಫೆಷನ್ಸ್ ಆಫ್ ಎ ಥಗ್' ಅವನಿಗೆ ಹೆಸರು ತಂದ ಪುಸ್ತಕ. ವಿಕ್ಟೋರಿಯಾ ರಾಣಿ ಅಚ್ಚಿನ ಕರಡು ಪುಟಗಳನ್ನೇ ತರಿಸಿ ಓದಿದಳೆಂಬ ಮಾತು ಅದಕ್ಕೆ ಅಂಟಿಕೊಂಡಿದೆ. ಅಮೀರ್ ಅಲಿ ಎಂಬ ಠಗ್ಗ ಸಾಹೇಬನೊಬ್ಬನ ಮುಂದೆ ಕೂತು ತನ್ನ ಕೊಲೆಗಳನ್ನೆಲ್ಲ ಹೇಳುತ್ತಾ ಹೋಗುವ ಕಥೆ. ಕಥೆಯ ಓಟ ಚೆನ್ನಾಗಿದೆ, ದಾರಿಗಳು, ಸರಾಯಿಗಳು, ಮಾತಿನ ಮರ್ಯಾದೆ ಎಲ್ಲ ಕಣ್ಣಾರೆ ಕಂಡವನ ಬರಹ. ಆದರೆ ಹೇಳುವವನು ಮಾಫಿ ಸಾಕ್ಷಿ. ಸಾಹೇಬನಿಗೆ ಬೇಕಾದ ಕಥೆ ಹೇಳಿದರೆ ಕುತ್ತಿಗೆ ಉಳಿಯುತ್ತದೆ. ಇಂಥವನ ಮಾತನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆಯನ್ನು ಟೇಲರ್ ಎತ್ತುವುದೇ ಇಲ್ಲ. ಅದೇ ಠಗ್ಗರ ಬೆನ್ನುಹತ್ತಿದ ಸ್ಲೀಮನ್ 1836ರಲ್ಲಿ ಅವರ ಗುಪ್ತಭಾಷೆಯ ಪದಗಳನ್ನೂ ವಿಚಾರಣೆಯ ಪ್ರಶ್ನೋತ್ತರಗಳನ್ನೂ ಅಚ್ಚು ಹಾಕಿಸಿದ್ದ. ಸಾಹಿತ್ಯವಾಗಿ ಅದು ಒಣ ಪುಸ್ತಕ. ಆದರೆ ಠಗ್ಗರೆಂಬ ಒಂದು ಪಂಥವೇ ಇತ್ತೋ, ಅಥವಾ ಬಗೆಬಗೆಯ ದರೋಡೆಕೋರರನ್ನು ಸರಕಾರ ಒಂದೇ ಹೆಸರಿನ ಗೋಣಿಯಲ್ಲಿ ತುಂಬಿತೋ ಎಂದು ಇವತ್ತು ವಾದಿಸುವವರಿಗೆ ಆ ಒಣ ಪುಸ್ತಕವೇ ಬೇಕು. ಅಮೀರ್ ಅಲಿಯಿಂದ ಅವರಿಗೆ ಏನೂ ಸಿಗುವುದಿಲ್ಲ.

'ತಾರಾ' ಇನ್ನೂ ವಿಚಿತ್ರ. 1863ರ ಈ ಕಾದಂಬರಿಯ ನೆಲ ತುಳಜಾಪುರ. ಟೇಲರ್ ಆಳಂದದ ಆಚೆಯ ನಳದುರ್ಗ ಜಿಲ್ಲೆಯಲ್ಲಿ 1853ರಿಂದ ನಾಲ್ಕು ವರ್ಷ ಡೆಪ್ಯುಟಿ ಕಮಿಷನರ್ ಆಗಿದ್ದ. ತುಳಜಾಪುರ ಅವನಿಗೆ ಅಂಗೈ ಗೆರೆ. ಕಥೆಯಲ್ಲಿ ಬಿಜಾಪುರದ ಸರದಾರ ಅಫಜಲಖಾನ ಗೌರವಸ್ಥ. ಅವನ ಮಗ ಫಾಜಿಲ್, ಚಿತೆಗೆ ಹೊರಟ ಬ್ರಾಹ್ಮಣ ಹುಡುಗಿ ತಾರೆಯನ್ನು ಉಳಿಸುವ ನಾಯಕ. ಅಫಜಲಪುರದ ಕಡೆ ಊರಿನ ಹೆಸರನ್ನು ಈ ಖಾನನಿಗೇ ಕಟ್ಟುವ ಮಾತು ಕೇಳಿಬರುತ್ತದೆ. ಅಲ್ಲಿಯವರಿಗೆ ಈ ಕಾದಂಬರಿ ಗೊತ್ತಾದರೆ ಖುಷಿಯಾದೀತು: ಖಾನನನ್ನು ಬರೀ ರಾಕ್ಷಸನನ್ನಾಗಿ ಮಾಡದ ಪುಸ್ತಕ. ಆದರೆ ಲೆಕ್ಕ ನೋಡಿ. ಖಾನ ಸತ್ತದ್ದು 1659ರ ನವೆಂಬರಿನಲ್ಲಿ. ಟೇಲರ್ ಅದನ್ನು 1657ಕ್ಕೆ ಎಳೆದು ತಂದ. ಯಾಕೆಂದರೆ 1657ರಲ್ಲಿ ಮರಾಠರು ಎದ್ದರು, 1757ರಲ್ಲಿ ಪ್ಲಾಸಿ, 1857ರಲ್ಲಿ ದಂಗೆ ಎಂದು ನೂರು ನೂರು ವರ್ಷದ ಮೂರು ಕಂಬ ನೆಟ್ಟು 'ತಾರಾ', 'ರಾಲ್ಫ್ ಡಾರ್ನೆಲ್', 'ಸೀತಾ' ಎಂಬ ಮೂರು ಕಾದಂಬರಿಗಳ ಚಪ್ಪರ ಹಾಕುವ ಆಸೆ ಅವನಿಗೆ. ಜೇವರ್ಗಿಯಲ್ಲಿ ಮಣ್ಣಿನ ಪದರಿಗೆ ಪದರು ಅಳೆದವನು ಇಲ್ಲಿ ಎರಡು ವರ್ಷವನ್ನು ಉಫ್ ಎಂದು ಊದಿಬಿಟ್ಟ.

ಅವನ ಆತ್ಮಕಥೆ, 'ದಿ ಸ್ಟೋರಿ ಆಫ್ ಮೈ ಲೈಫ್', ಬಂದದ್ದು 1877ರಲ್ಲಿ, ಅವನು ತೀರಿದ ಮರುವರ್ಷ. ಅದರಲ್ಲಿ ಸುರಪುರದ ಎಳೆಯ ಅರಸ ವೆಂಕಟಪ್ಪ ನಾಯಕ ಟೇಲರನನ್ನು 'ಅಪ್ಪಾ' ಎಂದು ಕರೆಯುತ್ತಾನೆ. ಇಪ್ಪತ್ನಾಲ್ಕನೇ ವರ್ಷಕ್ಕೆ ಕಂಟಕವಿದೆ ಎಂದು ಜಾತಕ ಹೇಳಿರುತ್ತದೆ. 1858ರಲ್ಲಿ ಅರಸ ಬಂಡೆದ್ದ, ಹೈದರಾಬಾದಿನಲ್ಲಿ ಸೆರೆಯಾದ, ಮರಣದಂಡನೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಸಾಗಿಸುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ಸತ್ತ. ತಾನೇ ಹಾರಿಸಿಕೊಂಡ ಎನ್ನುತ್ತದೆ ಸಾಹೇಬರ ಕಡೆಯ ವರದಿ. ಓದುವಾಗ ಗಂಟಲು ಕಟ್ಟುತ್ತದೆ, ಸುಳ್ಳು ಹೇಳಲಾರೆ. ಟೇಲರನ ಪ್ರೀತಿ ನಾಟಕವಲ್ಲ. ಆದರೂ ಆ ಪುಸ್ತಕದ ಉದ್ದಕ್ಕೂ ಅರಸ ಮಾತಾಡುವುದು ಟೇಲರನ ಇಂಗ್ಲಿಷಿನಲ್ಲಿ. ರಾಣಿ ಈಶ್ವರಮ್ಮನ ಸಿಟ್ಟು ಕೂಡ ಅದೇ ಇಂಗ್ಲಿಷಿನಲ್ಲಿ ಬಂದು ಕೆಟ್ಟ ಹೆಂಗಸಿನ ಹಟವಾಗಿ ಕೂರುತ್ತದೆ. ತನ್ನ ಸಂಸ್ಥಾನದ ಮೇಲೆ ಹೊರಗಿನವನೊಬ್ಬ ಬಂದು ಕೂತಾಗ ಒಬ್ಬ ತಾಯಿ ಏನೆಂದಳು, ಯಾವ ಮಾತಿನಲ್ಲಿ ಎಂದಳು ಎಂಬುದು ನಮಗೆ ಆ ಪುಸ್ತಕದಿಂದ ಸಿಗದು.

ಇದೇ 1857ರ ಹೊತ್ತಿಗೆ ಮುಧೋಳದ ಹತ್ತಿರ ಹಲಗಲಿಯ ಬೇಡರು ಹತಾರ ಒಪ್ಪಿಸುವುದಿಲ್ಲ ಎಂದು ಎದ್ದರು. ಅವರ ಮೇಲೆ ಹುಟ್ಟಿದ ಲಾವಣಿ ಇವತ್ತು ಶಾಲೆಯ ಪಾಠ. ಅದನ್ನು ಅಚ್ಚಿಗೆ ತಂದವನು ಜಾನ್ ಫೇತ್‌ಫುಲ್ ಫ್ಲೀಟ್. 1867ರಲ್ಲಿ ಮುಂಬಯಿ ಸರಕಾರದ ನೌಕರಿಗೆ ಬಂದವನು, ಮುಂದೆ ಶಾಸನಗಳಲ್ಲಿ ಮುಳುಗಿಹೋದವನು. 'ಇಂಡಿಯನ್ ಆಂಟಿಕ್ವರಿ'ಯಲ್ಲಿ 1885ರಿಂದ ಅವನು ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣನದೂ ಇದೆ, ಹಲಗಲಿಯದೂ ಇದೆ. ಬೇಡರನ್ನು ಗಲ್ಲಿಗೇರಿಸಿದ ಸರಕಾರದ ಅಧಿಕಾರಿಯೇ ಅವರ ಪದ ಉಳಿಸಿದ! ಟೇಲರನ ಹಾಗೆ ಫ್ಲೀಟ್ ಯಾರನ್ನೂ ಪ್ರೀತಿಸಿದಂತೆ ಕಾಣುವುದಿಲ್ಲ. ಅವನ ಬರಹ ಕಬ್ಬಿಣದ ಕಡಲೆ. ಆದರೆ ಇಂಗ್ಲಿಷ್ ಅನುವಾದದ ಜೊತೆಗೆ ಕನ್ನಡ ಪಾಠವನ್ನೂ ಕೊಟ್ಟ. ಅವನ ಅನುವಾದವನ್ನು ಇಂದು ಯಾರೂ ಓದುವುದಿಲ್ಲ, ಓದಬೇಕಾಗಿಯೂ ಇಲ್ಲ. ಪದ ನಮ್ಮ ಕೈಯಲ್ಲಿದೆ.

ಆಳಂದದ ವಿಷಯ ಬಂದಾಗ ಈ ಫ್ಲೀಟ್ ದೊಡ್ಡ ಎಡವಟ್ಟು ಮಾಡಿದ. ಹಿರೇಕೆರೂರು ತಾಲ್ಲೂಕಿನ ಅಬ್ಬಲೂರಿನಲ್ಲಿ ಸುಮಾರು 1200ರ ಒಂದು ಶಾಸನವಿದೆ. ಏಕಾಂತದ ರಾಮಯ್ಯ ಜೈನರೊಡನೆ ಪಣ ಕಟ್ಟಿ, ತನ್ನ ತಲೆ ಕಡಿದುಕೊಂಡು ಶಿವನಿಗೊಪ್ಪಿಸಿ, ಏಳನೆಯ ದಿನ ತಿರುಗಿ ಪಡೆದ ಕಥೆ ಅದರಲ್ಲಿದೆ. ಅವನ ಹುಟ್ಟೂರು ಅಲಂದೆ ಎಂದೂ ಇದೆ. ಅದು ನಮ್ಮ ಆಳಂದ. ಎಪಿಗ್ರಾಫಿಯಾ ಇಂಡಿಕಾದ ಐದನೇ ಸಂಪುಟದಲ್ಲಿ ಇದನ್ನು ಪ್ರಕಟಿಸುತ್ತಾ ಫ್ಲೀಟ್ ವಾದ ಹೂಡಿದ: ಶಾಸನಗಳಲ್ಲಿ ಬಸವಣ್ಣನ ಸುಳಿವಿಲ್ಲ, ರಾಮಯ್ಯನಿಗೆ ಶಿಲೆಯ ಸಾಕ್ಷಿ ಇದೆ, ಆದ್ದರಿಂದ ಲಿಂಗಾಯತ ಚಳವಳಿಗೆ ಮೂಲಪುರುಷ ಏಕಾಂತದ ರಾಮಯ್ಯನೇ. ಕಲ್ಲಿನ ಮೇಲೆ ಇಲ್ಲದ್ದು ನಡೆದೇ ಇಲ್ಲ ಎನ್ನುವ ಈ ಹಟ ಆ ಪರಂಪರೆಯ ದೊಡ್ಡ ರೋಗ. ಏಳುನೂರು ವರ್ಷ ಜನ ಉಳಿಸಿಕೊಂಡ ವಚನಗಳಿಗೆ, ಪುರಾಣಗಳಿಗೆ ಅವನ ತಕ್ಕಡಿಯಲ್ಲಿ ತೂಕವೇ ಇರಲಿಲ್ಲ. ಮುಂದೆ ಹುಕ್ಕೇರಿ ಸೀಮೆಯ ಅರ್ಜುನವಾಡದಲ್ಲಿ 1260ರ ಶಾಸನ ಸಿಕ್ಕಿತು. ಅದರಲ್ಲಿ ಸಂಗನಬಸವನ ಹೆಸರಿದೆ. ಅವನದೇ ಕೋಲಿನಿಂದ ಅವನ ವಾದ ಮುರಿಯಿತು. ಇಷ್ಟಾದರೂ ಅಬ್ಬಲೂರಿನ ಶಾಸನದ ಪಾಠ ಫ್ಲೀಟ್ ಕೊಟ್ಟಂತೆ ಹಾಗೇ ಇದೆ. ರಾಮಯ್ಯನ ಬಗ್ಗೆ ಬರೆಯುವವರು ಇಂದಿಗೂ ಆ ಪುಟಕ್ಕೇ ಹೋಗಬೇಕು.

ಇನ್ನೊಂದು ಮಾತು. ಆಗ ಭೀಮೆಯ ಆಚೆ ದಡದ ಇಂಡಿ, ಸಿಂದಗಿ ಮುಂಬಯಿ ಪ್ರಾಂತ. ಈಚೆ ದಡದ ಅಫಜಲಪುರ, ಆಳಂದ ನಿಜಾಮರದು. ಫ್ಲೀಟನ ಲಾವಣಿಯ ಜೋಳಿಗೆ ತುಂಬಿದ್ದು ಆಚೆ ದಡದಲ್ಲಿ. ಈಚೆಯ ಹಂತಿ ಪದ, ಮೊಹರಮ್ ಪದಗಳ ಹತ್ತಿರ ಈ ಸಾಹೇಬರು ಸುಳಿಯಲಿಲ್ಲ. ಟೇಲರ್ ವರ್ಷಗಟ್ಟಲೆ ಈ ಸೀಮೆಯಲ್ಲೇ ಕುದುರೆ ಓಡಿಸಿದವನು. ಕಣದಲ್ಲಿ ರಾತ್ರಿಯಿಡೀ ಎತ್ತು ತಿರುಗಿಸುತ್ತಾ ಹಾಡುವ ಹಂತಿ ಅವನ ಡೇರೆಗೆ ಕೇಳಿಸದೆ ಇದ್ದೀತೇ? ಅವನ ಕಿವಿ ಕಥೆಗೆ ತೆರೆದಿತ್ತು, ಪದಕ್ಕಲ್ಲ. ಆ ಕೆಲಸಕ್ಕೆ ನಮ್ಮವರೇ ಬರಬೇಕಾಯಿತು. ಭೀಮೆಯ ಆಚೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು 1931ರಲ್ಲಿ 'ಗರತಿಯ ಹಾಡು' ತಂದಾಗ ಅದರ ಪಕ್ಕದಲ್ಲಿ ಯಾವ ಇಂಗ್ಲಿಷೂ ಇರಲಿಲ್ಲ.

ಹೀಗಾಗಿ ನನ್ನ ತೀರ್ಪು ಕೊಂಚ ತಲೆಕೆಳಗು. ನಮ್ಮನ್ನು ಪ್ರೀತಿಸಿದ ಟೇಲರನ ಕಾದಂಬರಿಗಳಿಗಿಂತ, ಪ್ರೀತಿಯ ಗೊಡವೆಗೇ ಹೋಗದ ಫ್ಲೀಟನ ಲಾವಣಿ ಪುಟಗಳು ನಮಗೆ ಹೆಚ್ಚು ಬೆಲೆಯವು. ಟೇಲರನದರಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಜೇವರ್ಗಿಯ ಗೋರಿಯ ಚಿತ್ರ ಆರಿಸಿಕೊಳ್ಳುತ್ತೇನೆ. ಅವನ ಪುಸ್ತಕಗಳನ್ನು ಕನ್ನಡಕ್ಕೆ ತರುವ ಉಮೇದಿರುವವರು ಮೊದಲು ಆ ಗೋರಿಯ ಲೇಖನಗಳನ್ನು ಚಿತ್ರಸಮೇತ ತರಲಿ, ಊರಿನ ಹೆಸರುಗಳನ್ನು ಊರಿನವರು ಕರೆಯುವಂತೆ ತಿದ್ದಿ ತರಲಿ. ಕಡಗಂಚಿಯಲ್ಲಿ ಈಗ ಕೇಂದ್ರೀಯ ವಿಶ್ವವಿದ್ಯಾಲಯವೇ ಇದೆ. ಆಳಂದ ತಾಲ್ಲೂಕಿನ ನೆಲದಲ್ಲೇ. ಅಲ್ಲಿಯ ಹುಡುಗರು ಒಮ್ಮೆ ಬಸ್ಸು ಹತ್ತಿ ಅಬ್ಬಲೂರಿಗೂ ಹೋಗಿ ಬರಲಿ. ರಾಮಯ್ಯನ ಊರು ಯಾವುದೆಂದು ಹೇಳುವ ಕಲ್ಲು ಅಲ್ಲಿಯ ಸೋಮೇಶ್ವರ ಗುಡಿಯಲ್ಲಿದೆ, ಅವನು ತಲೆ ಕಡಿದುಕೊಂಡ ಕೆತ್ತನೆಯೂ ಇದೆ.