ಕಿಟಕಿಯಿಂದ ಕಂಡ ಬೀದಿ

ಎಣ್ಣೆಬಣ್ಣದಲ್ಲಿ ಬೀದಿಯ ಚಿತ್ರ ಬರೆಯಲು ಹೊರಟಾಗ ನಾನು ಮೊದಲು ಕೈಗೆತ್ತಿಕೊಂಡದ್ದು ಸ್ಕೇಲನ್ನು. ಎದುರುಸಾಲಿನ ಮನೆಗಳ ಕಿಟಕಿ, ಸರಳು, ಬಾಲ್ಕನಿ ಒಂದನ್ನೂ ಬಿಡಲಿಲ್ಲ. ಗೆರೆಗಳೆಲ್ಲ ದೂರದಲ್ಲಿ ಒಂದೇ ಬಿಂದುವಿಗೆ ಸರಿಯಾಗಿ ಹೋಗಿ ಸೇರಿದವು. ಚಿತ್ರ ಮಾತ್ರ ಇಂಜಿನಿಯರರ ನಕ್ಷೆಯಂತಾಯಿತು. ಗಂಡಸರ ಹಾಗೆ ರಸ್ತೆಯಲ್ಲಿ ನಿಂತು ಬರೆಯುವ ಧೈರ್ಯ ನನಗಿಲ್ಲ, ಮಹಡಿಯ ಕಿಟಕಿಯಿಂದ ಇಣುಕಿ ಬರೆದರೆ ಇನ್ನೇನಾದೀತು ಎಂದು ಸಮಾಧಾನ ಹೇಳಿಕೊಂಡೆ.

ಆ ನೆಪವನ್ನು ಕಿತ್ತುಕೊಂಡವನು ಕಮೀಲ್ ಪಿಸಾರೋ. 1897ರ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಪ್ಯಾರಿಸ್ಸಿನ ಹೋಟೆಲೊಂದರ ಕೋಣೆಯಿಂದ ಮೊಂಮಾರ್ತ್ರ್ ಬುಲೆವಾರ್ ಎಂಬ ಹೆದ್ದಾರಿಯ 14 ಚಿತ್ರಗಳನ್ನು ಬರೆದ. ಆಗ ಅವನಿಗೆ 66 ವರ್ಷ. ಕಣ್ಣಿನ ಬೇನೆ ಮರಳಿ ಮರಳಿ ಕಾಡುತ್ತಿದ್ದುದರಿಂದ ಹೊರಗೆ ನಿಂತು ಬರೆಯುವುದು ಕಷ್ಟವಾಗಿತ್ತು. ಬೀದಿ ಅದೇ; ಬದಲಾಗುವುದು ಮಂಜು, ಮಳೆ, ಬಿಸಿಲು.

ಪುಸ್ತಕದ ಅಚ್ಚಿನಲ್ಲಿಯೇ ಆದರೂ ಈ ಚಿತ್ರಗಳ ಕಿಟಕಿಗಳನ್ನು ಎಣಿಸಲು ಹೋದೆ. ಲೆಕ್ಕ ಸಿಕ್ಕಲಿಲ್ಲ. ಕಟ್ಟಡಗಳ ಸಾಲು ದೂರಕ್ಕೆ ಓಡುವ ಓಟವನ್ನು ಅವನು ಬಿಗಿಯಾಗಿ ಹಿಡಿಯುತ್ತಾನೆ, ಎಣಿಕೆಯನ್ನು ಕೈಬಿಡುತ್ತಾನೆ. ನಾನು ಎರಡನ್ನೂ ಹಿಡಿದು ಕೆಟ್ಟಿದ್ದೆ. ಮುಂದೆ ಮನೆಗಳ ಸಾಲನ್ನು ಟರ್ಪೆಂಟೈನ್ ಬೆರೆಸಿದ ತೆಳುಬಣ್ಣದಲ್ಲಿ ಒಂದೇ ಮುದ್ದೆಯಾಗಿ ಹಚ್ಚಿ, ಎಣ್ಣೆ ಹೆಚ್ಚಿರುವ ಬಣ್ಣವನ್ನು ಕೊನೆಗೆ ಇಡಲು ಕಲಿತೆ. ತಿರುಗುಮುರುಗಾದರೆ ಮೇಲಿನ ಪದರ ಬಿರಿಯುತ್ತದೆ.

ಹಾಗೆಂದು ಈ 14 ಚಿತ್ರಗಳೂ ನನಗೆ ಒಪ್ಪಿಗೆಯಲ್ಲ. ಹಬ್ಬದ ಮೆರವಣಿಗೆಯ ಚಿತ್ರಗಳಲ್ಲಿ ಜನ ಎರಚಿದ ಬಣ್ಣದ ಪುಡಿಯಂತೆ ಕಾಣುತ್ತಾರೆ. ಅಲ್ಲಿ ಯಾರಿಗಾದರೂ ಕಾಲು ನೋಯುತ್ತಿದ್ದರೆ ಮಹಡಿಯಲ್ಲಿದ್ದವನಿಗೆ ಗೊತ್ತಾಗುವುದಿಲ್ಲ. ಕಿಟಕಿಯ ಕೊರತೆ ಅದೇ. ಅದನ್ನು ನಾವು ಬಲ್ಲೆವು.

ಮನಸ್ಸು ನಿಲ್ಲುವುದು ಇರುಳಿನ ಒಂದೇ ಒಂದು ಚಿತ್ರದಲ್ಲಿ. ಈಗ ಅದು ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಡುವೆ ವಿದ್ಯುದ್ದೀಪಗಳ ತಣ್ಣನೆಯ ಬಿಳುಪು, ಅಂಗಡಿಗಳಿಂದ ಹೊಮ್ಮುವ ಗ್ಯಾಸ್‌ದೀಪದ ಹಳದಿ, ಕೆಳಗೆ ಒದ್ದೆ ನೆಲದ ಮೇಲೆ ಎರಡೂ ಕಲಸಿಹೋಗಿವೆ. ಗೋಡೆಯೆಲ್ಲಿ, ಕಿಟಕಿಯೆಲ್ಲಿ ಎಂದು ಬೇರ್ಪಡಿಸಲಾಗದು. ಆದರೂ ಅದು ಬೀದಿಯೇ. ಇದಕ್ಕೆ ಅವನು ಸಹಿ ಹಾಕಲಿಲ್ಲ, ಬದುಕಿರುವಾಗ ಎಲ್ಲೂ ಪ್ರದರ್ಶಿಸಲೂ ಇಲ್ಲ. ಮುಗಿದಿಲ್ಲ ಅನ್ನಿಸಿತೋ ಏನೋ. ನನಗಂತೂ ಉಳಿದ ಹದಿಮೂರೂ ಇದರ ಮುಂದೆ ತುಸು ಅತಿಯಾಗಿ ಮುಗಿದವು ಎನ್ನಿಸುತ್ತದೆ.

ನನ್ನ ಎರಡನೆಯ ಚಿತ್ರವನ್ನು ಸಂಜೆ ದೀಪ ಹಚ್ಚಿದ ಮೇಲಿನ ಹೊತ್ತು ನೋಡಿ ಬರೆದೆ. ಎದುರುಮನೆಯಾಕೆ ಬಂದು ಬಹಳ ಹೊತ್ತು ನೋಡಿದರು. “ನಮ್ಮ ಬೀದಿ ಅಂತ ಗೊತ್ತಾಗುತ್ತೆ ಬಿಡಿ. ನಮ್ಮ ಅಡುಗೆಮನೆ ಕಿಟಕಿ ಎಲ್ರೀ?” ಎಂದರು.