ಬಂಡೆ ನೋಡುವವರಿಗೆ

ಬಂಡೆಯ ಮುಂದೆ ನಿಂತ ಹೊಸಬನು ಮೊಟ್ಟಮೊದಲು ಮಾಡುವ ಕೆಲಸವೆಂದರೆ ಅದರಲ್ಲಿ ಆನೆಯನ್ನೋ ಆಮೆಯನ್ನೋ ಬಸವಣ್ಣನನ್ನೋ ಕಂಡು ಸಂತೋಷಪಡುವುದು. ಅದು ಅಪರಾಧವೇನೂ ಅಲ್ಲ. ಆದರೆ ಆ ಆಕಾರಗಳೆಲ್ಲ ಮಳೆಬಿಸಿಲುಗಳು ಈಚೆಗೆ ಕಡೆದವು. ಶಿಲೆಯ ಜನ್ಮವೃತ್ತಾಂತವು ಅದರ ಕಣಗಳಲ್ಲಿಯೂ ಗೆರೆಗಳಲ್ಲಿಯೂ ಅಡಗಿರುವುದರಿಂದ, ಶಿಲಾರಸಿಕನಾಗಬಯಸುವವನು ದೂರದಿಂದ ಬೆಟ್ಟವನ್ನು ಕಣ್ತುಂಬ ನೋಡಿದ ಮೇಲೆ ಹತ್ತಿರ ಹೋಗಿ, ಮೊಣಕಾಲೂರಿ, ಒಂದು ಮೊಳದಷ್ಟು ಜಾಗವನ್ನು ದಿಟ್ಟಿಸುವ ಅಭ್ಯಾಸ ಮಾಡಿಕೊಳ್ಳತಕ್ಕದ್ದು.

ಇದಕ್ಕೆ ಬೆಂಗಳೂರಿನ ಲಾಲ್‌ಬಾಗಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಕೆಂಪೇಗೌಡರ ಗೋಪುರವನ್ನು ಹೊತ್ತಿರುವ ಆ ಬಂಡೆಯು ದಕ್ಷಿಣಾಪಥದ ಬಹುಭಾಗಕ್ಕೆ ತಳಗಲ್ಲಾಗಿರುವ ನೈಸ್ ಶಿಲೆ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಸ್ಮೀತ್ ಅವರು ಇದಕ್ಕೆ ‘ಪೆನಿನ್ಸುಲರ್ ನೈಸ್’ ಎಂದು ನಾಮಕರಣ ಮಾಡಿದರು. ಇದರ ವಯಸ್ಸು ಸುಮಾರು 300 ಕೋಟಿ ವರ್ಷ. ಮಳೆ ಬಂದು ನಿಂತ ಹೊತ್ತಿನಲ್ಲಿ ಹೋಗಬೇಕು. ಒಣಗಿರುವಾಗ ಬರಿಯ ಬೂದುಬಣ್ಣವಾಗಿ ತೋರುವ ಮೈಮೇಲೆ ಆಗ ಕಪ್ಪು ಬಿಳುಪು ಪಟ್ಟೆಗಳು ಎದ್ದು ಕಾಣುವುವು. ಕಪ್ಪು ಪಟ್ಟೆಯಲ್ಲಿ ಮಿನುಗುವುದು ಅಭ್ರಕ. ಬಿಳಿಯದರಲ್ಲಿ ಬೆಣಚೂ ಫೆಲ್ಡ್‌ಸ್ಪಾರೂ ಬೆರೆತಿವೆ. ಒಂದು ಪಟ್ಟೆಯ ಮೇಲೆ ಬೆರಳಿಟ್ಟು ಹಿಂಬಾಲಿಸಿದರೆ, ಅದು ನೆಟ್ಟಗೆ ಹೋಗದೆ, ಮುದುರಿದ ಸೀರೆಯ ಅಂಚಿನಂತೆ ಬಳುಕಿ, ಮಡಿಸಿಕೊಂಡು, ಮತ್ತೆಲ್ಲಿಯೋ ತಲೆಯೆತ್ತುತ್ತದೆ. ಭೂಗರ್ಭದ ತಾಪಕ್ಕೂ ಒತ್ತಡಕ್ಕೂ ಸಿಲುಕಿ ಕಲ್ಲು ಮೆದುವಾಗಿ ಬಾಗಿದುದಕ್ಕೆ ಇದೇ ಸಾಕ್ಷ್ಯ. ಈ ಪಟ್ಟೆಗಳನ್ನೆಲ್ಲ ಅಡ್ಡಡ್ಡಲಾಗಿ ಕತ್ತರಿಸಿಕೊಂಡು ಹೋಗುವ ತಿಳಿಬಣ್ಣದ ಎಳೆಗಳು ಸಿಕ್ಕಿದಾಗ, ಕತ್ತರಿಸಿದ್ದು ಕಿರಿಯದು, ಕತ್ತರಿಸಿಕೊಂಡದ್ದು ಹಿರಿಯದು ಎಂದು ತಿಳಿಯಿರಿ. ಶಿಲಾಶಾಸ್ತ್ರದಲ್ಲಿ ರಸಿಕನು ಕಂಠಪಾಠ ಮಾಡಬೇಕಾದ ಸೂತ್ರವು ಇದೊಂದೇ ಎಂದು ನನ್ನ ಮತ.

ಹಿಂದೆ ಕ್ಲೋಸ್‌ಪೇಟೆಯೆನಿಸಿದ್ದ ರಾಮನಗರಕ್ಕೆ ಹೋದರೆ ನೋಟವೇ ಬೇರೆ. ‘ಶೋಲೆ’ ಚಲಚ್ಚಿತ್ರದ ದೆಸೆಯಿಂದ ಈ ಬೆಟ್ಟಗಳನ್ನು ದೇಶವೇ ಕಂಡಿದೆ. ಕಲ್ಲನ್ನು ಮಾತ್ರ ಯಾರೂ ನೋಡಿದಂತಿಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಈ ಗ್ರಾನೈಟಿನಲ್ಲಿ ಪಟ್ಟೆಗಳಿಗೆ ಬದಲಾಗಿ, ಹೆಬ್ಬೆರಳಿನ ಉಗುರಿನಷ್ಟೋ ಅದಕ್ಕೂ ದೊಡ್ಡದಾಗಿಯೋ ಇರುವ ನಸುಗೆಂಪು ಫೆಲ್ಡ್‌ಸ್ಪಾರ್ ಹರಳುಗಳು ಕಾಣುತ್ತವೆ. ಶಿಲಾರಸವು ನೆಲದಾಳದಲ್ಲಿ ಅತಿ ನಿಧಾನವಾಗಿ ಆರಿದ್ದರಿಂದಲೇ ಇವಕ್ಕೆ ಇಷ್ಟು ಬೆಳೆಯಲು ಅವಕಾಶ ದೊರೆಯಿತು. ಕೆಲವೆಡೆ ಅವು ಒಂದೇ ದಿಕ್ಕಿಗೆ ಮಲಗಿರುವುದನ್ನು ಕಂಡರೆ, ಆರುವ ಮುನ್ನ ರಸವು ಹರಿದ ದಾರಿಯನ್ನೇ ನೀವು ಕಂಡಂತೆ.

ಹಂಪೆಯ ಗುಂಡುಗಳನ್ನು ವಾಲಿ ಸುಗ್ರೀವರು ಹೊಡೆದಾಡಿ ಎಸೆದ ಕಲ್ಲುಗಳೆಂದು ಊರವರು ಹೇಳುತ್ತಾರೆ; ಓದಿದವರು ಭೂಕಂಪವನ್ನು ಊಹಿಸುತ್ತಾರೆ. ಕಥೆಯಾದರೂ ಸೊಗಸಾಗಿದೆ, ಊಹೆಗೆ ಆ ಸೊಗಸೂ ಇಲ್ಲ. ಗುಂಡುಗಳಲ್ಲಿ ಬಹುಪಾಲು ಇದ್ದಲ್ಲಿಯೇ ಆದವು: ಬಂಡೆಯ ಉದ್ದಗಲದ ಬಿರುಕುಗಳಲ್ಲಿ ನೀರಿಳಿದು, ಮೂಲೆಗಳನ್ನು ಮೊದಲು ಕೊಳೆಯಿಸಿ ಮರಳಾಗಿಸಿತು, ಮರಳು ತೊಳೆದುಹೋದ ಮೇಲೆ ಗಟ್ಟಿ ತಿರುಳು ಒಂದರ ಮೇಲೊಂದು ಉಳಿಯಿತು. ಮೇಲಿನ ಗುಂಡಿನ ಬಿರುಕು ಕೆಳಗಿನದರಲ್ಲಿಯೂ ಮುಂದುವರಿದಿದೆಯೇ ಎಂದು ಅಲ್ಲಲ್ಲಿ ಪರೀಕ್ಷಿಸಿ ನೋಡಿ. ಸಾಲಾಗಿ ಕೊರೆದ ಚೌಕ ಗುಳಿಗಳು ಕಂಡರೆ ಅವು ಪ್ರಕೃತಿಯವಲ್ಲ, ವಿಜಯನಗರದ ಕಲ್ಲುಕುಟಿಗರು ಬೆಣೆ ಬಡಿದ ಗುರುತುಗಳು.

ಕಣ್ಣು ಪಳಗಿದ ಮೇಲೆ ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಗೆ ಹೋಗಬಹುದು. ಸುತ್ತಿಗೆಯನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕು, ಏಕೆಂದರೆ ಅದು ಲಾಲ್‌ಬಾಗಿನ ಬಂಡೆಯಂತೆಯೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ನೀರಿನಡಿಯಲ್ಲಿ ಉಕ್ಕಿದ ಲಾವಾ ಅಲ್ಲಿ ದಿಂಬು ದಿಂಬಾಗಿ ಹೆಪ್ಪುಗಟ್ಟಿದೆ. ಇಂಥ ದಿಂಬಿನ ಮೇಲ್ಭಾಗ ಉಬ್ಬಿರುತ್ತದೆ. ಕೆಳಭಾಗವು, ಮೊದಲೇ ಬಿದ್ದಿದ್ದ ಎರಡು ದಿಂಬುಗಳ ಸಂದಿಗೆ ಇಳಿದು, ಚೂಪಾಗಿರುತ್ತದೆ. ಆ ಚೂಪನ್ನು ಹುಡುಕಿರಿ. ಪದರಗಳು ಎಷ್ಟೇ ವಾಲಿದ್ದರೂ, ಲಾವಾ ಹರಿದ ದಿನ ಆಕಾಶವು ಯಾವ ಕಡೆಗಿತ್ತೆಂಬುದನ್ನು ನೀವೇ ಹೇಳಬಹುದು.